ತಗ್ಗು ಹುಡುಕುವ ಕೈ

ನನ್ನ ಭಾವ ಡೆಲ್ಬರ್ಟ್ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರನ್ನು ಬೈಯುವುದೇ ಹೆಚ್ಚಾಗಬಹುದು. ನಮ್ಮ ಆಯಿಲ್‌ಡೇಲ್‌ನ ಎಣ್ಣೆ ಬಾವಿಗಳಲ್ಲಿ ಪೈಪು ಬೆಸುಗೆ ಹಾಕಿ ಹಾಕಿ ನಿವೃತ್ತರಾದವರು. ಕುಡಿಯುವವರಲ್ಲ, ನನ್ನಕ್ಕ ಲೊರೀನ್ ಮೇಲೆ ದನಿ ಎತ್ತಿದವರೂ ಅಲ್ಲ. ಬೀದಿಯಲ್ಲಿ ಯಾರ ಗಾಡಿ ಕೆಟ್ಟು ನಿಂತರೂ ಊಟ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಅವರಿಗಿದ್ದದ್ದು ಒಂದೇ ಹುಚ್ಚು, ಹಾಟ್ ರಾಡ್.

ಅಂದರೆ ಅಜ್ಜಂದಿರ ಕಾಲದ ಫೋರ್ಡ್ ಕಾರೊಂದನ್ನು ಎಲ್ಲಿಂದಲೋ ಎಳೆದು ತಂದು, ಮಡ್‌ಗಾರ್ಡ್ ಕಿತ್ತೆಸೆದು, ಚಾವಣಿಯನ್ನು ಕತ್ತರಿಸಿ ಗಿಡ್ಡ ಮಾಡಿ, ಅದಕ್ಕೆ ಮೀರಿದ ಎಂಜಿನ್ನು ಕೂರಿಸಿ ಊರಿನ ಕಿವಿ ಕಿತ್ತುಹೋಗುವಂತೆ ಓಡಿಸುವುದು. ನಮ್ಮ ಕಡೆಯ ಗಂಡಸರಿಗೆ ಇದಕ್ಕಿಂತ ದೊಡ್ಡ ಪುಣ್ಯಕಾರ್ಯವಿಲ್ಲ. ಭಾವ ಈ ಸಲ ಬಾದಾಮಿ ತೋಟವೊಂದರ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಕಾರನ್ನು ತಂದಿದ್ದರು. ಅದನ್ನು ಮನೆಯವರೆಲ್ಲ ಸೇರಿಯೇ ಕಟ್ಟಬೇಕು ಎಂದು ಹಟ ಹಿಡಿದರು. ಅಕ್ಕ ಸೀಟು ಹೊಲಿದಳು. ಅವರ ಮಗಳು ಮಾರ್ಲಾ ಕತ್ತರಿಸುವಾಗ ತಗಡು ಹಿಡಿದುಕೊಂಡಳು. ಅಳಿಯ ರೂಬೆನ್ ವೈರಿಂಗ್ ನೋಡಿಕೊಂಡ. ನನ್ನ ಪಾಲಿಗೆ ಬಂದದ್ದು ಶನಿವಾರ ಬೀನ್ಸ್ ಬೇಯಿಸಿ, ಜೋಳದ ಬ್ರೆಡ್ಡು ಮಾಡಿ ತರುವುದು, ತಂದು ಎಲ್ಲರ ಕೆಲಸದಲ್ಲೂ ಕೊಂಕು ತೆಗೆಯುವುದು. ಎರಡನ್ನೂ ಚೆನ್ನಾಗಿಯೇ ಮಾಡಿದೆ.

ಚಾವಣಿ ಕತ್ತರಿಸಿ ಮತ್ತೆ ಬೆಸುಗೆ ಹಾಕಿದ ಮೇಲೆ ಸಂದುಗಳು ಉಳಿಯುತ್ತವೆ. ಈಗಿನವರು ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಪೇಸ್ಟು ಮೆತ್ತುತ್ತಾರೆ. ಭಾವನ ಎದುರು ಆ ಡಬ್ಬಿಯ ಹೆಸರೆತ್ತುವ ಹಾಗಿರಲಿಲ್ಲ. ಅವರಪ್ಪ ಮಾಡಿದ ಹಾಗೆ ಸೀಸವೇ ಆಗಬೇಕು. ಸೀಸದ ಕಡ್ಡಿಯನ್ನು ಉರಿಯಲ್ಲಿ ಮೆತ್ತಗಾಗಿಸಿ, ಅವರಪ್ಪನ ಕಾಲದ ಮರದ ಸಟ್ಟುಗದಿಂದ ಬೆಣ್ಣೆ ಸವರಿದ ಹಾಗೆ ಸವರಿ, ಆರಿದ ಮೇಲೆ ಅರ ಹಾಕಿ ಉಜ್ಜಿ ಉಜ್ಜಿ ನುಣುಪು ಮಾಡಬೇಕು. ಉಜ್ಜಿದ ಪುಡಿ ಮನೆಗಂಟಿದ ಗ್ಯಾರೇಜಿನ ನೆಲಕ್ಕೆ ಬೀಳುತ್ತಿತ್ತು. ಬಾಗಿಲಲ್ಲಿ ಗಾಳಿ ಬಂದರೆ ಮನೆಯೊಳಗೂ ಹೋಗುತ್ತಿತ್ತು.

"ಭಾವ, ಆ ಡಬ್ಬಿದೇ ಹಾಕಿ ಮುಗಿಸ್ಬಾರ್ದಾ? ಈ ಜನ್ಮದಲ್ಲಿ ನಾವು ಇದ್ರಲ್ಲಿ ಕೂತ್ಕೊಳ್ಳೋದು ಬೇಡ್ವಾ?" ಎಂದು ನಾನೇ ಕೆಣಕಿದ್ದೆ.

"ವರ್ನಾ, ನೀನು ಬೀನ್ಸ್‌ಗೆ ಉಪ್ಪು ಹಾಕಿದೀಯಾ ನೋಡ್ಕೋ ಹೋಗು. ಹೋದ ವಾರ ಮರ್ತಿದ್ದೆ."

ಉಜ್ಜಿದ್ದು ಸಾಕೋ ಇನ್ನೂ ಬೇಕೋ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಕಣ್ಣು ಮುಚ್ಚಿ, ಅಂಗೈಯನ್ನು ಪೂರ್ತಿ ಊರಿ, ಈ ತುದಿಯಿಂದ ಆ ತುದಿಗೆ ಸವರಬೇಕು. ತಗ್ಗಿದ್ದರೆ ಕೈಗೆ ಸಿಗುತ್ತದೆ. ಆದರೆ ಭಾವನ ಅಂಗೈ ಜೀವಮಾನವೆಲ್ಲ ಬೆಸುಗೆಯ ಕಿಡಿ ತಿಂದು ದಡ್ಡುಗಟ್ಟಿತ್ತು. ರೂಬೆನ್ ಸವರಿ ಸರಿಯಿದೆ ಎಂದ, ಮಾರ್ಲಾಳೂ ಸರಿಯಿದೆ ಎಂದಳು. ಆಗ ಅವರಿಬ್ಬರ ಮಗಳು, ಇನ್ನೂ ಶಾಲೆಗೆ ಸೇರದ ಟೆಸ್, ತಾನೂ ನೋಡುತ್ತೇನೆಂದು ಸ್ಟೂಲು ಹತ್ತಿದಳು. ಕಣ್ಣು ಬಿಗಿಯಾಗಿ ಮುಚ್ಚಿ, ನಾಲಿಗೆ ಹೊರಗೆ ಹಾಕಿ, ಪುಟ್ಟ ಕೈಯನ್ನು ಜಾರಿಸುತ್ತ ಹೋಗಿ ಹಿಂದಿನ ಕಿಟಕಿಯ ಮೂಲೆಯಲ್ಲಿ ನಿಂತಳು.

"ತಾತ, ಇಲ್ಲಿ ಗುಂಡಿ ಇದೆ."

ಭಾವ ಉಕ್ಕಿನ ಪಟ್ಟಿಯಿಟ್ಟು ನೋಡಿದರು. ಇತ್ತು. ಕೂದಲೆಳೆಯಷ್ಟು, ಆದರೆ ಇತ್ತು.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಅರ ಹಾಕಿ ಮುಗಿದ ಕೂಡಲೇ "ನಮ್ಮ ಮೇಸ್ತ್ರಿ ಎಲ್ಲಿ?" ಎಂದು ಕೂಗು. ಟೆಸ್ ತಿನ್ನುತ್ತಿದ್ದ ಬಿಸ್ಕತ್ತನ್ನು ಇನ್ನೊಂದು ಕೈಗೆ ಬದಲಾಯಿಸಿ ಓಡಿಬರುವಳು. ಸವರಿದ ಮೇಲೆ ಅಂಗೈ ಬೂದು ಬಣ್ಣಕ್ಕೆ ತಿರುಗಿರುತ್ತಿತ್ತು. ಅದನ್ನು ಎತ್ತಿ ತೋರಿಸಿದರೆ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಅವಳಿಗೆ ಹೆಬ್ಬೆರಳು ಚೀಪುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ತಾತನ ತೊಡೆಯ ಮೇಲೆ ಕೂತು ಅದೇ ಕೈಯ ಹೆಬ್ಬೆರಳು ಚೀಪುತ್ತ ನಿದ್ದೆಹೋಗುತ್ತಿದ್ದಳು. ಭಾವ ಅಲುಗಾಡದೆ ಕೂತಿರುತ್ತಿದ್ದರು. ಅಷ್ಟು ಸುಖವಾಗಿ ಅವರು ಕೂತದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಬೇಸಿಗೆಯ ಹೊತ್ತಿಗೆ ಮಗುವಿಗೆ ಹೊಟ್ಟೆನೋವು ಶುರುವಾಯಿತು. ಊಟ ಸೇರದು, ಸುಮ್ಮಸುಮ್ಮನೆ ರಂಪ, ಹೇಳಿದ ಮಾತು ತಲೆಗೆ ಹೋಗದು. ಹಟಮಾರಿ ವಯಸ್ಸು ಎಂದು ನಾವೇ ವೈದ್ಯರಾಗಿ ಹೇಳಿಕೊಂಡೆವು. ಕೊನೆಗೆ ಮಾರ್ಲಾ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದಳು. ಫಲಿತಾಂಶ ಕೇಳಲು ಹೋದಾಗ ಅಕ್ಕನೂ ಜೊತೆಗಿದ್ದಳು. ರಕ್ತದಲ್ಲಿ ಸೀಸ ಸೇರಿದೆ, ಮನೆಯಲ್ಲಿ ಸೀಸ ಬೆರೆತ ಹಳೆಯ ಪೇಂಟು ಉದುರುತ್ತಿದೆಯೇ ಎಂದು ಡಾಕ್ಟರಮ್ಮ ಕೇಳಿದರಂತೆ. ಇವರು ಇಲ್ಲ ಎಂದರಂತೆ. ಮನೆಯಲ್ಲಿ ಯಾರಾದರೂ ಸೀಸದ ಕೆಲಸ ಮಾಡುತ್ತಾರೆಯೇ ಎಂದು ಕೇಳಿದರಂತೆ. ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳಂತೆ:

"ನಮ್ಮೆಜಮಾನ್ರು ಮಾಡ್ತಾರಲ್ಲ. ಅಪ್ಪಟ ಸೀಸ. ಡಬ್ಬಿ ಪೇಸ್ಟ್ ಮುಟ್ಟೋದೇ ಇಲ್ಲ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದೇನೆಂದು ಅವಳಿಗೇ ಅರ್ಥವಾಯಿತು. ಈ ಭಾಗವನ್ನು ಅಕ್ಕ ನನಗೆ ಹೇಳುವಾಗ ಅಡುಗೆಮನೆಯ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಳು.

ಅವತ್ತು ಸಂಜೆ ಮಾರ್ಲಾ ಅಂಗಳದಲ್ಲಿ ನಿಂತೇ ಮಾತಾಡಿದಳು, ಒಳಗೆ ಬರಲಿಲ್ಲ. ಮಗು ಕಾರಿನಲ್ಲಿ ರೂಬೆನ್ ಜೊತೆ ಕೂತಿತ್ತು.

"ಅಪ್ಪ, ಇನ್ಮೇಲೆ ಟೆಸ್ ಈ ಮನೆಗೆ ಬರಲ್ಲ."

"ಯಾರೋ ಏನೋ ಅಂದ್ರು ಅಂತ ಹೆದ್ರುಕೋತೀಯಲ್ಲ ಮಗಳೇ. ನಮ್ಮಪ್ಪ ಬದುಕಿರೋವರ್ಗೂ ಇದನ್ನೇ ಉಜ್ಜಿದ. ಏನಾಗಿತ್ತು ಅವನಿಗೆ?"

ನನಗೆ ತಡೆಯಲಾಗಲಿಲ್ಲ. "ಏನಾಗಿತ್ತಾ? ಭಾವ, ಕೊನೆಕೊನೆಗೆ ನಿಮ್ಮಪ್ಪ ಅಂಗಿ ಗುಂಡಿ ಹಾಕ್ಕೊಳ್ಳಕ್ಕೂ ಆಗ್ದೆ ಕೂತಿರ್ತಿದ್ರು. ಕೈ ನಡುಗೋದು. ಹೆಂಡ ಕುಡ್ದು ಹಿಂಗಾದ ಅಂತ ಊರೆಲ್ಲ ಆಡ್ಕೊಂಡ್ವಿ. ಅವ್ರೇನು ಅಷ್ಟೊಂದು ಕುಡೀತಿದ್ರಾ?"

ಭಾವ ತಮ್ಮ ಅಂಗೈ ನೋಡಿಕೊಂಡು, ಅದನ್ನು ಪ್ಯಾಂಟಿಗೆ ಒರೆಸಿಕೊಂಡರು. ಆಮೇಲೆ ಆ ಪ್ಯಾಂಟನ್ನೂ ನೋಡಿದರು. ಮಗು ಇಲ್ಲಿ ಉಳಿದಾಗ ಅಕ್ಕ ಅವಳ ಬಟ್ಟೆಗಳನ್ನು ಆ ಪ್ಯಾಂಟಿನ ಜೊತೆಗೇ ಒಗೆಯುತ್ತಿದ್ದಳು.

ಡಾಕ್ಟರಮ್ಮ ಸುಳ್ಳು ಸಮಾಧಾನ ಹೇಳುವವರಲ್ಲ. ಧೂಳಿನಿಂದ ದೂರವಿಟ್ಟರೆ ರಕ್ತದಲ್ಲಿನ ಸೀಸ ಇಳಿಯುತ್ತದೆ, ಆದರೆ ಮಿದುಳಿಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಈಗ ಹೇಳಲಾಗದು, ಮಗು ಓದು ಬರಹಕ್ಕೆ ಕೂತಾಗ ನೋಡಬೇಕು ಎಂದರು. ಇದಕ್ಕಿಂತ ಕೆಟ್ಟ ಸುದ್ದಿಯನ್ನಾದರೂ ಸಹಿಸಬಹುದಿತ್ತು ಎಂದು ನನಗನ್ನಿಸಿತು. ಕೆಟ್ಟದ್ದಾದರೆ ಒಂದು ಸಲ ಅತ್ತು ಮುಗಿಸಬಹುದು.

ನಾನೂ ಅಕ್ಕನೂ ಮನೆಯ ಮೂಲೆಮೂಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ರತ್ನಗಂಬಳಿಯನ್ನು ಎಸೆದೆವು. ಭಾವ ಕಾರನ್ನು ಊರಾಚೆ, ಬಾವಿಗಳ ಮಧ್ಯೆ ಇದ್ದ ಗೆಳೆಯನ ಶೆಡ್ಡಿಗೆ ಸಾಗಿಸಿದರು. ಅದನ್ನು ಗುಜರಿಗೆ ಹಾಕಿ ಎಂದು ನಾನು ಜಗಳವಾಡಿದೆ.

"ಹಾಕ್ಬಹುದು. ಆದ್ರೆ ಸಂದುಗಳಲ್ಲಿ ಸೀಸ ಪೇಂಟಿಲ್ದೆ ಹಾಗೇ ಬಿಚ್ಕೊಂಡಿದೆ. ಯಾರಾದ್ರೂ ಎತ್ಕೊಂಡು ಹೋಗಿ ಅವ್ರ ಮಕ್ಕಳ ಮುಂದೆ ಉಜ್ಜಿದ್ರೆ? ಪೇಂಟ್ ಕೆಳಗೆ ಮುಚ್ಚಿಬಿಟ್ರೆ ಸೀಸ ಯಾರಿಗೂ ಏನೂ ಮಾಡಲ್ಲ ಅಂತ ಆ ಡಾಕ್ಟರಮ್ಮಾನೇ ಹೇಳಿದ್ದು," ಎಂದರು.

ಅಲ್ಲಿ ಒಬ್ಬರೇ ದುಡಿದರು. ಮೂಗು ಬಾಯಿಗೆ ಮಾಸ್ಕ್ ಹಾಕಿ, ಅಲ್ಲೇ ಸ್ನಾನ ಮಾಡಿ, ಬೇರೆ ಬಟ್ಟೆ ಉಟ್ಟು ಮನೆಗೆ ಬರುತ್ತಿದ್ದರು. ಬೀನ್ಸ್ ಒಯ್ದರೆ ಒಳಗೆ ಬಿಡುತ್ತಿರಲಿಲ್ಲ, ಹೊರಗೆ ಬಂದು ಕೈ ತೊಳೆದು ನಿಂತೇ ತಿನ್ನುತ್ತಿದ್ದರು. ಮೊದಲಿನ ತಮಾಷೆ ಒಂದೂ ಉಳಿದಿರಲಿಲ್ಲ. ಬೈಯಲು ಬಾಯಿ ತೆರೆದವಳು ನಾನೇ ಎಷ್ಟೋ ಸಲ ಇನ್ನೊಂದು ಸೌಟು ಬೀನ್ಸ್ ಬಡಿಸಿ ಬಂದಿದ್ದೇನೆ.

ಟೆಸ್‌ಳ ರಕ್ತದಲ್ಲಿನ ಸೀಸ ನಿಧಾನವಾಗಿ ಇಳಿಯಿತು. ಅವಳು ಶಾಲೆಗೂ ಸೇರಿದಳು. ಮಾರ್ಲಾ ಮತ್ತೆ ತವರಿಗೆ ಬರತೊಡಗಿದಳು, ಬರುವಾಗ ಮಗುವಿನ ಆಟದ ಸಾಮಾನಿನ ಜೊತೆ ಒಂದು ಚಾಪೆಯನ್ನೂ ತರುತ್ತಿದ್ದಳು. ಒಂದು ದಿನ ಟೆಸ್ ಮೇಜಿನ ಬಳಿ ಪುಸ್ತಕ ಬಿಡಿಸಿ ಕೂತಿದ್ದಳು. ಒಂದು ಪದದ ಹತ್ತಿರ ತಡವರಿಸಿದಳು, ಮತ್ತೆ ಹಿಂದಕ್ಕೆ ಹೋದಳು, ಮತ್ತೆ ಅಲ್ಲೇ ಸಿಕ್ಕಿಕೊಂಡು ಪುಸ್ತಕ ತಳ್ಳಿದಳು. ಭಾವ ಎದ್ದು ಹಿತ್ತಿಲಿಗೆ ಹೋದರು. ನಾನು ಹಿಂದೆಯೇ ಹೋದೆ.

"ವರ್ನಾ, ನೀನು ಮುಖಕ್ಕೆ ಹೊಡ್ದಂಗೆ ಮಾತಾಡೋಳು. ನಿಜ ಹೇಳು. ಇದು ಮಕ್ಕಳೆಲ್ಲ ತಡವರ್ಸೋ ಹಾಗಾ, ಇಲ್ಲ ನನ್ನಿಂದ ಆಗಿದ್ದಾ?"

"ಗೊತ್ತಿಲ್ಲ ಭಾವ," ಎಂದೆ. ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲ, ಈಗಲೂ.

ಕಾರು ಮುಗಿಯಿತು. ಕಡುಕಪ್ಪು ಬಣ್ಣ ಬಳಿದಿದ್ದರು. ಭಾನುವಾರ ಬೆಳಿಗ್ಗೆ ಡೋನಟ್ ಅಂಗಡಿಯ ಮುಂದೆ ಎಲ್ಲರೂ ತಮ್ಮ ತಮ್ಮ ಗಾಡಿ ತಂದು ನಿಲ್ಲಿಸುವುದು ನಮ್ಮೂರಿನ ರೂಢಿ. ಭಾವ ಹೋಗಲು ಒಪ್ಪಿರಲಿಲ್ಲ, ಅಕ್ಕ ಬಿಡಲಿಲ್ಲ. ಪರಿಣತರೆಲ್ಲ ಕಾಫಿ ಲೋಟ ಹಿಡಿದು ಸುತ್ತು ಹಾಕಿದರು, ಬಗ್ಗಿ ನೋಡಿದರು, ಚಾವಣಿಯನ್ನು ಸವರಿ ಎಲ್ಲೂ ಒಂದು ಕುಂದಿಲ್ಲ ಎಂದರು. ಭಾವ ಯಾರ ಹೊಗಳಿಕೆಗೂ ಮುಖ ಎತ್ತಲಿಲ್ಲ.

ಆಗ ಮಾರ್ಲಾ ಕುಟುಂಬ ಬಂತು. ಟೆಸ್ ತಾಯಿಯ ಮುಖ ನೋಡಿದಳು. ಮಾರ್ಲಾ ಕಾರಿನ ಚಾವಣಿಯತ್ತ ನೋಡಿ, ಆಗಲೆಂದು ತಲೆಯಾಡಿಸಿದಳು. ಮಗು ಕಾರಿನ ಹತ್ತಿರ ಹೋಗಿ, ಯಾರೂ ಹೇಳದೆ, ಕಣ್ಣು ಮುಚ್ಚಿ, ನಾಲಿಗೆ ಹೊರಹಾಕಿ, ಅಂಗೈ ಊರಿ ಸವರಿಕೊಂಡು ಹೊರಟಿತು. ಈಗ ಸ್ಟೂಲು ಬೇಕಿರಲಿಲ್ಲ. ಹಿಂದಿನ ಕಿಟಕಿ ದಾಟಿ ಸ್ವಲ್ಪ ಮುಂದೆ ಹೋಗಿ ನಿಂತಿತು.

"ತಾತ, ಇಲ್ಲಿ ಒಂದು ಬಿಟ್ಬಿಟ್ಟಿದೀಯ."

ಸುತ್ತಲಿನವರು ನಕ್ಕರು. ಒಬ್ಬ ಸವರಿ ನೋಡಿ, ಏನೂ ಸಿಗದೆ, ಮತ್ತೆ ಸವರಿ, ಹೌದಲ್ಲ ಎಂದು ಹುಬ್ಬೇರಿಸಿದ. ಆ ಕೈಯ ಚುರುಕು ಹೋಗಿಲ್ಲ, ಅಷ್ಟಾದರೂ ಉಳಿದಿದೆ ಅಂದುಕೊಂಡೆ. ಭಾವನೂ ಹಾಗೇ ಅಂದುಕೊಂಡು ನಗುತ್ತಾರೆಂದು ತಿರುಗಿ ನೋಡಿದೆ.

ಅವರು ಅಷ್ಟರಲ್ಲಿ ಮಗುವಿನ ಮುಂದೆ ಮಂಡಿಯೂರಿದ್ದರು. ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒದ್ದೆ ಬಟ್ಟೆ ತೆಗೆದು, ಅವಳ ಅಂಗೈ ಒರೆಸಿ, ಒಂದೊಂದೇ ಬೆರಳನ್ನು ಬಿಡಿಸಿ ಒರೆಸುತ್ತಿದ್ದರು.

"ತಾತ, ಇದು ಬರೀ ಪೇಂಟು. ಮುಟ್ಟಿದ್ರೆ ಏನಾಗಲ್ಲ ಅಂತ ಅಮ್ಮ ಹೇಳಿದಾಳೆ."

"ಗೊತ್ತು ಕಂದ," ಎಂದರು ಭಾವ. "ಇನ್ನೊಂದು ಕೈ ಕೊಡು."