ದೊಡ್ಡಪ್ಪನಾಗಲು ಒಲ್ಲದ ಚೋಯ್

ಗಡಿಯಾರ ರಿಪೇರಿಯ ಚೋಯ್ ಗಾಮ್‌ಶಿಂಗ್‌ಗೆ ಅರವತ್ತು ದಾಟಿದೆ ಎನ್ನುವುದು ಗ್ವಾಂಗ್‌ಝೌನ ನಮ್ಮ ಓಣಿಯಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು. ತಲೆಗೆ ಬಣ್ಣ ಹಚ್ಚುತ್ತಾನೆ. ಅದರಲ್ಲಿ ಅರ್ಧ ಕೂದಲಿಗೆ, ಅರ್ಧ ನೆತ್ತಿಗೆ. ಹೆಂಡತಿ ತೀರಿಕೊಂಡ ಮೇಲೆ, ಹೋದ ವರ್ಷ ಒಬ್ಬನೇ ಇಲ್ಲಿಗೆ ಬಂದು ಕೋಣೆ ಹಿಡಿದ. ಬೆಳಗ್ಗೆ ಎದ್ದರೆ ಅವನನ್ನು ಮಾತಾಡಿಸುವ ಮೊದಲ ಜೀವ ತಾಮಕ್ಕ. ನನ್ನ ಬೀಗದ ಅಂಗಡಿಯ ಪಕ್ಕದಲ್ಲೇ ಅವಳ ಚ್ಯುಂಗ್ ಫನ್, ಅಂದರೆ ಅಕ್ಕಿಸುರುಳಿಯ ಗಾಡಿ.

"ಏನ್ ಕೊಡ್ಲಿ, ಚೆಲುವಾ?" ಎಂದು ಅವಳು ಕೇಳಿದರೆ ಚೋಯ್‌ಗೆ ಹೊಟ್ಟೆ ಅರ್ಧ ತುಂಬಿದ ಹಾಗೆ. ನಮ್ಮೂರಿನಲ್ಲಿ ದುಡ್ಡು ಕೊಟ್ಟು ತಿನ್ನುವ ಗಂಡಸರೆಲ್ಲ ಚೆಲುವರೇ. ನನ್ನ ಈ ಮೂತಿಗೂ ಒಂದು ಕಾಲದಲ್ಲಿ ಆ ಬಿರುದು ಸಿಕ್ಕಿತ್ತು. ಆದರೆ ಚೋಯ್ ಅದನ್ನು ತನಗೇ ಮೀಸಲು ಎಂದುಕೊಂಡು, ಗಾಡಿಗೆ ಹೋಗುವ ಮೊದಲು ನನ್ನ ಅಂಗಡಿಯ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ.

ಉಳಿದರ್ಧ ಹೊಟ್ಟೆ ತುಂಬಿಸುವ ಕೆಲಸ ಸುರುಳಿಯದು. ತಾಮಕ್ಕ ಅಕ್ಕಿಹಿಟ್ಟಿನ ನೀರನ್ನು ತಟ್ಟೆಗೆ ತೆಳ್ಳಗೆ ಹುಯ್ದು, ಹಬೆಯ ಪೆಟ್ಟಿಗೆಯೊಳಗೆ ತಳ್ಳಿ, ಬಾಯಲ್ಲಿ ನೀರೂರುವಷ್ಟರಲ್ಲಿ ಹೊರಗೆಳೆಯುತ್ತಾಳೆ. ಕೆರೆದೆತ್ತಿ, ಸುರುಳಿ ಸುತ್ತಿ, ಕತ್ತರಿಸಿ, ಮೇಲೆ ಸೋಯಾ ಸಾರು. ಬಾಯಿಗಿಟ್ಟರೆ ಅಗಿಯುವ ಮುಂಚೆಯೇ ಜಾರುತ್ತದೆ. ನಾಲ್ಕೈದು ಯುವಾನ್‌ಗೆ ಈ ಭಾಗ್ಯ ಇನ್ನೆಲ್ಲಿದೆ ಹೇಳಿ.

ಒಂದು ಬೆಳಗ್ಗೆ ತಾಮಕ್ಕ ಹಬೆಯ ನಡುವಿನಿಂದ ತಲೆಯೆತ್ತಿ, "ಬನ್ನಿ ದೊಡ್ಡಪ್ಪ, ಕೂತ್ಕೊಳ್ಳಿ" ಎಂದಳು.

ಚೋಯ್ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಸುರುಳಿಯ ನಡುವೆ ಏನೋ ಹಳದಿ ಇಣುಕುತ್ತಿದ್ದ ತಟ್ಟೆ ಬಂದರೂ ಅರ್ಧಕ್ಕೇ ಬಿಟ್ಟು ನೇರ ನನ್ನ ಅಂಗಡಿಗೆ ಬಂದು ಕನ್ನಡಿಯ ಮುಂದೆ ನಿಂತ. ಐವತ್ತು ದಾಟಿದ ಹೆಂಗಸಿಗೆ ತಾನು ದೊಡ್ಡಪ್ಪ ಹೇಗಾಗುತ್ತೇನೆ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡ. ಇನ್ನು ಆ ಗಾಡಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದ.

ಮಾರನೆಯ ದಿನದಿಂದ ಓಣಿಯ ಕೊನೆಯ ಅಂಗಡಿಗೆ ಹೋಗತೊಡಗಿದ. ಅಲ್ಲಿನ ಹುಡುಗಿ ಬಾಯಿ ತುಂಬ ಚೆಲುವಾ ಎನ್ನುತ್ತಾಳೆ. ಸುರುಳಿ ಮಾತ್ರ ಮುಂಚೆಯೇ ಬೇಯಿಸಿಟ್ಟದ್ದು, ಕಂಬಳಿಯಷ್ಟು ದಪ್ಪ. ವಾರ ಕಳೆಯುವುದರಲ್ಲಿ ಚೋಯ್ ಮುಖ ಬಾಡಿತು. ನನ್ನ ಅಂಗಡಿಗೆ ಬಂದು, ಬೀಗ ನೋಡುವ ನೆಪದಲ್ಲಿ ಪಕ್ಕದ ಹಬೆಯನ್ನು ಮೂಸುತ್ತ ನಿಲ್ಲುತ್ತಿದ್ದ. ನೋಡಿ ನನಗೆ ನಗುವೂ ಬಂತು, ಸಂಕಟವೂ ಆಯಿತು.

ಕೊನೆಗೆ ತಾಮಕ್ಕನಿಗೆ ವಿಷಯ ಹೇಳಿದೆ. ಅವಳು ಕೆರೆಯುವ ಕೈ ನಿಲ್ಲಿಸಲಿಲ್ಲ.

"ಮುಖ ಗುರುತಿಲ್ದೋರ್ನ ಚೆಲುವಾ ಅಂತೀನಿ. ಚೋಯ್ ಅವ್ರಿಗಾದ್ರೆ ಕೊತ್ತಂಬರಿ ಆಗಲ್ಲ, ಸಾರು ಜಾಸ್ತಿ ಬೇಕು, ಎಲ್ಲ ಗೊತ್ತು ನಂಗೆ. ಮನೆಯವ್ರಾದ್ರು ಅಂತ್ಲೇ ಅವತ್ತು ದೊಡ್ಡಪ್ಪ ಅಂದು, ಕೇಳ್ದೆನೇ ಒಂದು ಮೊಟ್ಟೆ ಒಡೆದು ಹಾಕ್ದೆ. ಮೊಟ್ಟೆ ಕಾಣ್ಲಿಲ್ಲ, ಮಾತು ಮಾತ್ರ ಕೇಳಿಸ್ತು."

ಇದನ್ನು ಚೋಯ್‌ಗೆ ನಾನು ಹೇಳಲಿಲ್ಲ. ಅವಳು ಮತ್ತೆ ಚೆಲುವ ಅನ್ನುತ್ತಾಳಂತೆ, ಬಾ ಎಂದಷ್ಟೇ ಹೇಳಿದೆ. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ.

"ಏನ್ ಕೊಡ್ಲಿ, ಚೆಲುವಾ?" ಎಂದಳು ತಾಮಕ್ಕ. ಮುಖದಲ್ಲಿ ನಗುವಿರಲಿಲ್ಲ.

ಚೋಯ್ ಗೆದ್ದವನ ಹಾಗೆ ನನ್ನ ಕಡೆ ನೋಡಿ, ಮಣೆಯೆಳೆದು ಕೂತ. ತಟ್ಟೆ ಬಂತು. ಬರೀ ಅಕ್ಕಿಯ ಸುರುಳಿ, ಅಳತೆಯ ಸಾರು, ಮೇಲೆ ಹಸಿರಾಗಿ ಕೊತ್ತಂಬರಿ, ಯಾರೋ ದಾರಿಹೋಕನಿಗೆ ಕೊಡುವ ಹಾಗೆ. ತಾಮಕ್ಕ ಆಗಲೇ ಮುಂದಿನ ಗಿರಾಕಿಗೆ, ಇಪ್ಪತ್ತರ ಒಬ್ಬ ಡ್ರೈವರನಿಗೆ, ಅದೇ ದನಿಯಲ್ಲಿ ಚೆಲುವಾ ಎನ್ನುತ್ತಿದ್ದಳು.

ಚೋಯ್ ಊಟದ ಕಡ್ಡಿಯ ತುದಿಯಿಂದ ಸುರುಳಿಯನ್ನು ಬಿಚ್ಚಿ ನೋಡಿದ. ಒಳಗೆ ಏನೂ ಇರಲಿಲ್ಲ. ಕೊತ್ತಂಬರಿಯನ್ನು ಒಂದೊಂದೇ ಎಸಳು ಆರಿಸಿ ತಟ್ಟೆಯ ಅಂಚಿಗಿಟ್ಟ. ಆಮೇಲೆ ಅತ್ತಿತ್ತ ನೋಡಿ, ಡ್ರೈವರನ ಕಿವಿಗೆ ಬೀಳದಷ್ಟು ಮೆಲ್ಲಗೆ ಕೇಳಿದ:

"ದೊಡ್ಡಪ್ಪನಿಗೆ ಮೊಟ್ಟೆ ಇಲ್ವೇನಮ್ಮ?"