ಇದ್ದಿಲು ಚೆಲ್ಲಬೇಡಿ ಅಂದವನು

ಹತ್ತು ದಿನದ ಹಿಂದೆ ಬೆಳಿಗ್ಗೆ ಫೋನ್ ರಿಂಗಾಯಿತು. 'ಹಲೋ' ಅಂದೆ. ದನಿಯೇ ಹೊರಡಲಿಲ್ಲ. ಎರಡು ಸಲ ಕೆಮ್ಮಿ ಮತ್ತೆ 'ಹಲೋ' ಅಂದೆ. ಆಮೇಲೆ ಹೊಳೆಯಿತು: ಹಿಂದಿನ ದಿನ ಪೂರ್ತಿ ನಾನು ಯಾರ ಜೊತೆಗೂ ಒಂದು ಮಾತೂ ಆಡಿರಲಿಲ್ಲ. (ಲಿಫ್ಟಿನಲ್ಲಿ ತಲೆಯಾಡಿಸಿದ್ದು ಮಾತಲ್ಲ ತಾನೆ?)

ನೆರೂಳದ ಫ್ಲ್ಯಾಟಿನಲ್ಲಿ ಈಗ ನಾನೊಬ್ಬನೇ. ಹೆಂಡತಿ ತೀರಿಹೋಗಿ ಎರಡು ವರ್ಷವಾಯಿತು. ಮೂವತ್ತು ವರ್ಷ ಬಾಯ್ಲರುಗಳ ಗದ್ದಲದಲ್ಲಿ ಇಂಜಿನಿಯರ್ ಆಗಿದ್ದವನಿಗೆ ಈ ಮೌನ ಇನ್ನೂ ರೂಢಿಯಾಗಿಲ್ಲ.

ಫೋನ್ ಮಾಡಿದ್ದು ಡೊಂಬಿವಲಿಯ ಒಂದು ಸಣ್ಣ ಕಾರ್ಖಾನೆಯ ಮಾಲೀಕ. ಬಟ್ಟೆಗೆ ಬಣ್ಣ ಹಾಕಿ ಒಣಗಿಸುವ ಜಾಗ. ಅಲ್ಲೊಂದು ಗ್ಯಾಸಿಫೈಯರ್ ಇದೆ. ಮರದ ತುಂಡುಗಳನ್ನು ಕಡಿಮೆ ಗಾಳಿಯಲ್ಲಿ ಉರಿಸಿ ಗ್ಯಾಸ್ ಮಾಡುವ ಯಂತ್ರ. 'ಪೈಪಿನ ತುಂಬಾ ಟಾರ್ ಸಾಬ್. ಮೂರು ಸಲ ಬಂದ್ ಆಯಿತು. ಆಪರೇಟರ್ ಬೇಕಾರ್ ಆದ್ಮಿ. ಶನಿವಾರ ಅವನನ್ನು ತೆಗೆಯುತ್ತೇನೆ' ಅಂದ.

ಯಾರೋ ಕರೆದರಲ್ಲ! ಠಾಣೆಯಲ್ಲಿ ಟ್ರೇನ್ ಬದಲಿಸಿ ಹೋದೆ.

ಆಪರೇಟರ್ ಹೆಸರು ಭೀಮರಾಯ. ಐವತ್ತರ ಆಸುಪಾಸು. ಬಿಚ್ಚಿದ ಪೈಪಿನಿಂದ ಕಪ್ಪು ಅಂಟು ಟಾರ್ ಕೆರೆಯುತ್ತಿದ್ದ. ಹಿಂದಿಯಲ್ಲಿ ಏನು ಕೇಳಿದರೂ 'ಹಾಂ ಸಾಬ್', 'ನಹೀ ಸಾಬ್'. ಅಷ್ಟೇ. ಅಷ್ಟರಲ್ಲಿ ಕೈಗೆ ಬಿಸಿ ತಾಗಿತು. 'ಯವ್ವಾ!' ಅಂದ.

'ಯಾವೂರು?' ಅಂದೆ.

ಕೆರೆಯುವ ಕೈ ನಿಂತಿತು. 'ಕಲಬುರಗಿ ಕಡೆ ರೀ. ನೀವು ಕನ್ನಡದಾವ್ರೇನ್ರೀ?'

ಆಮೇಲೆ ಅವನ ಮಾತು ನಿಲ್ಲಲಿಲ್ಲ.

'ಸರ, ತಳದಾಗ ಇದ್ದಿಲು ಕೆಂಪಗ ನಿಗಿನಿಗಿ ಅಂತಿತ್ತಂದ್ರ ಗ್ಯಾಸ್ ಸ್ವಚ್ಛ ಬರ್ತದ್ರೀ. ಈ ಹೊಸಾ ಸೂಪರ್‌ವೈಸರ್ ಇದ್ದಿಲ ಕೆಳಗಿನ ಕಬ್ಬಿಣದ ಜಾಲಿ ಕ್ಲೀನ್ ಇರ್ಬೇಕು, ತಾಸಿಗೊಮ್ಮೆ ಅಲ್ಲಾಡ್ಸು ಅಂತಾನ. ಇದ್ದಿಲೆಲ್ಲಾ ಉದುರಿ ಹೋಗ್ತಾವ. ಟಾರ್ ಬರ್ದೇ ಏನಾದೀತ್ರೀ?'

ಸರಿಯಾಗಿ ಹೇಳಿದ್ದ. ಮರದಿಂದ ಹೊರಟ ಟಾರ್ ಆ ಕಾದ ಇದ್ದಿಲಿನ ದಪ್ಪ ಪದರವನ್ನು ಹಾದು ಬಂದರೆ ಒಡೆದು ತಾನೂ ಗ್ಯಾಸ್ ಆಗುತ್ತದೆ. ಪದರ ತೆಳುವಾದರೆ ಹಾಗೇ ಹೊರಬಂದು ತಣ್ಣಗಾಗಿ ಪೈಪಿಗೆ ಮೆತ್ತಿಕೊಳ್ಳುತ್ತದೆ. ನಾನಿದನ್ನು ಕಾಲೇಜಿನಲ್ಲಿ ಓದಿ ಕಲಿತೆ. ಅವನು ಬೆಂಕಿಯ ಮುಂದೆ ನಿಂತು ಕಲಿತಿದ್ದ.

'ಹೇಳಬಾರದಿತ್ತೇ?'

'ಹೇಳೀನ್ರೀ. ನನ್ನ ಹಿಂದಿ ಕೇಳಿ ನಕ್ರು. ಮತ್ತ ಹೇಳಲಿಲ್ಲ.'

ಪೈಪ್ ಜೋಡಿಸಿದೆವು. ಜಾಲಿಯ ಮೇಲೆ ಇದ್ದಿಲು ಮೊಣಕಾಲೆತ್ತರ ತುಂಬಿ, ಕೆಂಪಗೆ ಕಾಯಿಸಿ, ಮಧ್ಯಾಹ್ನವೆಲ್ಲ ಯಾರಿಗೂ ಅಲ್ಲಾಡಿಸಲು ಬಿಡಲಿಲ್ಲ. ಸಂಜೆ ಗ್ಯಾಸಿನ ದಾರಿಗೆ ಒಂದು ಬಿಳಿ ಬಟ್ಟೆಯ ಚೂರು ಹಿಡಿದು ತೆಗೆದೆ. ಸ್ವಲ್ಪ ಬೂದು, ಅಷ್ಟೇ. ಅಂಟು ಎಲ್ಲೂ ಇಲ್ಲ.

ಇದು ಭೀಮರಾಯ ಹೇಳಿದ ದಾರಿ ಅಂದೆ. ಮಾಲೀಕ ಅವನ ಕಡೆ ತಿರುಗಿ, 'ಪೆಹಲೇ ಕ್ಯೋಂ ನಹೀ ಬೋಲಾ?' ಅಂದ. ಮೊದಲೇ ಯಾಕೆ ಹೇಳಲಿಲ್ಲ ಅಂತ.

'ಬೋಲಾ, ಸಾಬ್.'

ಸೂಪರ್‌ವೈಸರ್ ಮೊಬೈಲ್ ನೋಡತೊಡಗಿದ. ಭೀಮರಾಯನ ಕೆಲಸ ಉಳಿಯಿತು.

ಅವನು ನನ್ನನ್ನು ಗೇಟಿನ ತನಕ ಬಿಡಲು ಬಂದ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಮೊದಲು ಜೊತೆಗಿದ್ದ ಊರಿನವರು ಕಟ್ಟಡದ ಕೆಲಸ ಮುಗಿದು ಬೇರೆ ಕಡೆ ಹೋದರಂತೆ.

'ಮತ್ತ ಯಾವಾಗ ಬರ್ತೀರಿ, ಸರ?'

'ಎಲ್ಲಾ ಸರಿಹೋಯ್ತಲ್ಲಪ್ಪ. ಇನ್ನು ನನ್ನನ್ನು ಯಾಕೆ ಕರೀತಾರೆ?'

ಅವನು ಚಪ್ಪಲಿಯಿಂದ ನೆಲ ಕೆದಕಿದ. 'ಕೆಡಲಿಲ್ಲಂದ್ರ ಬರೂದಿಲ್ಲೇನ್ರೀ?'

ಸ್ಟೇಷನ್ನಿಗೆ ನಡೆದೆ. ಟ್ರೇನಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಅಷ್ಟು ಜನ ನಿಂತಿದ್ದರು. ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ.

ಮೊನ್ನೆ ಗುರುವಾರ ಮತ್ತೆ ಹೋದೆ. ಯಾರೂ ಕರೆದಿರಲಿಲ್ಲ. ನನ್ನನ್ನು ಗೇಟಿನಲ್ಲಿ ಕಂಡದ್ದೇ ಮಾಲೀಕ ಗಾಬರಿಯಾಗಿ ಓಡಿಬಂದ. 'ಕ್ಯಾ ಖರಾಬ್ ಹುವಾ, ಸಾಬ್?' ಏನು ಕೆಟ್ಟಿತು ಅಂತ.

ಏನೂ ಕೆಡದಿದ್ದಾಗಲೂ ಒಬ್ಬರನ್ನು ನೋಡಲು ಇನ್ನೊಬ್ಬರು ಬರಬಹುದು ಎಂಬುದನ್ನು ಅವನಿಗೆ ಯಾವ ಭಾಷೆಯಲ್ಲಿ ಹೇಳಲಿ?