ತೊಳೆದ ಚೆಂಡು

ಮೊನ್ನೆ ಹಾಸನದ ನಮ್ಮ ಆಲೂಗಡ್ಡೆ ಮಂಡಿಯಲ್ಲಿ ಹಮಾಲಿಯೊಬ್ಬ ನೆನೆದ ತೊಗಲಿನ ಚಪ್ಪಲಿಯನ್ನು ಟೀ ಕಾಯಿಸುವ ಒಲೆಯ ಪಕ್ಕ ಒಣಗಲು ಇಟ್ಟಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಲೋಟ ಕೆಳಗಿಟ್ಟು ಎದ್ದುಬಿಟ್ಟೆ. ನೆನೆದು, ಪೂರ್ತಿ ಒಣಗದೆ, ಮತ್ತೆ ನೆನೆದ ತೊಗಲು... ನಮ್ಮ ಮೇಷ್ಟ್ರ ವಾಲಿಬಾಲಿನ ವಾಸನೆ ಅದು.

ಐವತ್ತರ ದಶಕದ ಕೊನೆ ಇರಬೇಕು. ಶಾಂತಿಗ್ರಾಮದಿಂದ ಆಚೆಗಿರುವ ನಮ್ಮೂರಿಗೆ ವರ್ಗವಾಗಿ ಬಂದ ಆ ಮೇಷ್ಟ್ರು ಹುಡುಗರದೊಂದು ಸಂಘ ಕಟ್ಟಿದರು. ಶಾಲೆ ಬಿಟ್ಟ ಮೇಲೆ ಒಂದು ದಿನ ಪೇಪರ್ ಓದಿಸುವುದು, ಒಂದು ದಿನ ಗೊಬ್ಬರದ ಗುಂಡಿ ತೋಡಿಸುವುದು, ಮಿಕ್ಕ ದಿನವೆಲ್ಲ ವಾಲಿಬಾಲ್. ಊರಾಚೆಯ ಕೇರಿಯಿಂದ ನನ್ನನ್ನೂ ನನ್ನ ಚಿಕ್ಕಪ್ಪನ ಮಗನನ್ನೂ ಸೇರಿಸಿಕೊಂಡರು. ಶಾಲೆಯ ಬಾವಿಕಟ್ಟೆ ಹತ್ತುವಂತಿರಲಿಲ್ಲ ನಾವು. ಆದರೆ ಪಟೇಲರ ಮಗನ ಕೈಯಿಂದ ಬಂದ ಚೆಂಡನ್ನು ಎತ್ತಿ ಹೊಡೆಯುತ್ತಿದ್ದೆವು! ಆ ಒಂದು ಗಂಟೆಗಾಗಿ ದಿನವೆಲ್ಲ ಕಾಯುತ್ತಿದ್ದೆ.

ಸರ್ವಿಸ್ ಅಂದರೆ ಚಿಕ್ಕಪ್ಪನ ಮಗನದು. ಅವನು ಹೊಡೆದ ಚೆಂಡು ಎತ್ತಿದವರು ಆಮೇಲೆ ಮುಂಗೈ ಉಜ್ಜಿಕೊಳ್ಳುತ್ತಿದ್ದರು.

"ಚೆಂಡು ಭಾರ ಅಲ್ವಾ ಸಾ?" ಎಂದು ಒಮ್ಮೆ ಕೇಳಿದ್ದ.

"ಚೆಂಡಲ್ಲ ಕಣ್ಲಾ, ನಿನ್ ಕೈಯೇ ಕಡ್ಡಿ. ಇನ್ನೊಂದು ಮುದ್ದೆ ಉಣ್ಣು," ಎಂದು ಮೇಷ್ಟ್ರು ಎಲ್ಲರನ್ನೂ ನಗಿಸಿದ್ದರು. ನಾವು ಬೇರೆ ಚೆಂಡು ಮುಟ್ಟಿದವರಲ್ಲ. ವಾಲಿಬಾಲಿನ ತೂಕವೇ ಅಷ್ಟು ಅಂದುಕೊಂಡಿದ್ದೆವು.

ಹೊಳೆನರಸೀಪುರದ ಪಂದ್ಯಕ್ಕೆ ಬಸ್ಸಿನಲ್ಲಿ ಹೋದೆವು. ಅಲ್ಲಿಯವರದು ಹೊಸ ಚೆಂಡು, ಒಣಗಿದ್ದು. ಚಿಕ್ಕಪ್ಪನ ಮಗ ದಿನದ ಹಾಗೆ ಬೀಸಿ ಹೊಡೆದ. ಚೆಂಡು ಜನರ ತಲೆ ದಾಟಿ ಪಕ್ಕದ ಸೌದೆ ಡಿಪೋದ ತಗಡಿನ ಮೇಲೆ ಬಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

"ಇನ್ನೊಸಿ ಜೋರಾಗ್ ಒಡೀಲಾ, ಅರಕಲಗೂಡಿಗೇ ಓಗ್ ಬೀಳ್ಲಿ!" ಎಂದು ಯಾರೋ ಕೂಗಿದರು. ಜನವೆಲ್ಲ ಸಿಳ್ಳೆ.

ಸೋತು ಬಸ್ಸು ಹತ್ತಿದಾಗ ಪಟೇಲರ ಮಗ, "ನಿನ್ನಿಂದ್ಲೇ ಕಣ್ಲಾ ಮಾನ ಓಗಿದ್ದು," ಎಂದ. ಚಿಕ್ಕಪ್ಪನ ಮಗ ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದ. ಮುಂದಿನ ಸೀಟಿನಲ್ಲಿದ್ದ ಮೇಷ್ಟ್ರು ತಿರುಗಲೂ ಇಲ್ಲ. ಮಾರನೆಯ ದಿನದಿಂದ ಅವನು ಆಟಕ್ಕೆ ಬರಲಿಲ್ಲ.

ಅದಾದ ಎರಡೋ ಮೂರೋ ದಿನಕ್ಕೆ, ಆಟ ಮುಗಿಸಿ ಹೊರಟವನು ಮರೆತ ಟವೆಲ್ಲಿಗೆ ಹಿಂದಿರುಗಿದೆ. ಮೇಷ್ಟ್ರು ಬಾವಿಯ ಬಳಿ ಕುಕ್ಕರುಗಾಲಲ್ಲಿ ಕೂತು, ಬಕೆಟ್ಟಿನಲ್ಲಿ ಚೆಂಡನ್ನು ಅದ್ದಿ ಅದ್ದಿ ಸೀಗೆಪುಡಿ ಹಾಕಿ ಉಜ್ಜುತ್ತಿದ್ದರು.

"ಕೆಸರಾಗಿತ್ತಾ ಸಾ?"

ಬೆಚ್ಚಿಬಿದ್ದರು. ಆಮೇಲೆ ಮೆಲ್ಲಗೆ, "ಊರ್ ದೊಡ್ಡೋರ್ಗೆ ಮಾತು ಕೊಟ್ಬುಟ್ಟಿವ್ನಿ ಕಣ್ಲಾ, ನೀವು ಮುಟ್ಟಿದ್ನ ದಿನಾ ತೊಳೀತೀನಿ ಅಂತ. ಇಲ್ದಿದ್ರೆ ನಿಮ್ಮನ್ನ ಆಡಾಕೆ ಬಿಡ್ತಾ ಇರ್ಲಿಲ್ಲ," ಎಂದರು. "ನಿನ್ ಚಿಕ್ಕಪ್ಪನ ಮಗನ್ಗೆ ಏಳ್ಬೇಡ. ಗಲಾಟೆಯಾಗಿ ಸಂಘನೇ ಮುರ್ದೋಯ್ತದೆ. ಅರಕಲಗೂಡಿನ ಮ್ಯಾಚಲ್ಲಿ ಸರ್ವಿಸ್ ನಿಂದೇ."

ನೋಡಿ, ತೊಗಲಿನ ಚೆಂಡಿಗೆ ಮೈಲಿಗೆ! ಅದನ್ನು ಹದ ಮಾಡಿದ ಕೈ ಯಾವ ಕೇರಿಯದು ಎಂದು ಆ ದೊಡ್ಡವರು ಕೇಳಲಿಲ್ಲ. ಅವರ ಮೇಲೆ ನನಗೆ ಹೇಸಿಗೆ. ಬೆಳಿಗ್ಗೆ ಸಮಾನತೆ ಬೋಧಿಸಿ ಸಂಜೆ ಸೀಗೆಪುಡಿ ಹಿಡಿದ ಮೇಷ್ಟ್ರ ಮೇಲೆ ಅದಕ್ಕಿಂತ ಹೇಸಿಗೆ. ಮೂರನೆಯ ಹೇಸಿಗೆ ನನ್ನ ಮೇಲೇ. ನಾನು ಹೂಂ ಅಂದೆ. ಅರಕಲಗೂಡಿನಲ್ಲಿ ಕೈ ಹಗುರ ಮಾಡಿ ಹೊಡೆದೆ, ನಮ್ಮ ಚೆಂಡು ದಿನಾ ನೀರು ಕುಡಿದೇ ಭಾರ ಎಂಬ ಗುಟ್ಟು ಗೊತ್ತಿತ್ತಲ್ಲ. ಗೆದ್ದೆವು. ಹಾರ ಹಾಕಿದರು. ಹಾಕಿಸಿಕೊಂಡೆ.

ಚಿಕ್ಕಪ್ಪನ ಮಗ ಮತ್ತೆ ಚೆಂಡು ಮುಟ್ಟಲಿಲ್ಲ. ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಚನ್ನರಾಯಪಟ್ಟಣದ ಹೈಸ್ಕೂಲಿಗೆ ಸೇರು ಎಂದರೆ, "ನಂಗೆಲ್ಲಾ ಆಗಾಕಿಲ್ಲ ಬುಡು." ಜೊತೆಗೆ ವ್ಯಾಪಾರಕ್ಕೆ ಬಾ ಎಂದರೆ ಅದಕ್ಕೂ ಅದೇ ಮಾತು. ನನಗಿಂತ ಚುರುಕಾಗಿದ್ದವನು ಕಂಡವರ ಹೊಲದಲ್ಲಿ ಕೂಲಿ ಮಾಡಿ ಸವೆದ...

ಈಗ ಯುವಕ ಸಂಘದವರು ಚೆಂಡು, ನೆಟ್ ಕೊಡಿಸಿ ಎಂದು ಮಂಡಿಗೆ ಬರುತ್ತಾರೆ. ಕೊಡಿಸುತ್ತೇನೆ. ಜೊತೆಗೆ ಬುದ್ಧಿಮಾತನ್ನೂ ಹೇಳದೆ ಕಳಿಸುವುದಿಲ್ಲ: ಮಕ್ಕಳ ಪರವಾಗಿ ಚೌಕಾಸಿಗೆ ಕೂರುವುದಾದರೆ ಆ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎದುರಿನವನು ಕೇಳಿದ ಮೊದಲ ಬೆಲೆಗೆ ಒಪ್ಪಬೇಡಿ. ಮೇಷ್ಟ್ರು ಒಪ್ಪಿದರು. ಬಾವಿಯ ಬಳಿ ನಾನೂ ಒಪ್ಪಿದೆ.

ಮೇಷ್ಟ್ರು ಎಂದೋ ಹೋದರು. ಹೋದ ವರ್ಷ ಚಿಕ್ಕಪ್ಪನ ಮಗನೂ ಹೋದ. ಹಾಸನದ ಆಸ್ಪತ್ರೆಯಲ್ಲಿ ಒಂದು ವಾರ ಅವನ ಮಂಚದ ಪಕ್ಕ ಕೂತಿದ್ದೆ. ಬೆಳೆ, ಮಳೆ, ಮೊಮ್ಮಕ್ಕಳು, ಎಲ್ಲ ಮಾತಾಡಿದೆವು. 'ನಿನ್ ಕೈಯಲ್ಲಿ ತಪ್ಪಿರ್ಲಿಲ್ಲ ಕಣ್ಲಾ' ಎಂಬ ಒಂದು ಮಾತು ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ.